ಕಾಫಿಮಲೆಗಳಲ್ಲಿ ಇಂಗ್ಲಿಷ್ ಎಂ.ಎ.: ಸತ್ಯವೇದವನ್ನು ಹೊರಗಿಟ್ಟ ಒಂದು ಪಾಠದ ಚರಿತ್ರೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸಭೆಗಳಲ್ಲಿ ಸೇವೆ ಮಾಡುವ ಸಭಾಪಾಲಕರನ್ನೂ ಯಾಜಕರನ್ನೂ ಯುವಜನರು ಆಗಾಗ ಕೇಳುವ ಪ್ರಶ್ನೆಯೊಂದಿದೆ: ‘ಬಿ.ಎ. ಮುಗಿಯಿತು, ಇಂಗ್ಲಿಷ್‌ನಲ್ಲಿ ಎಂ.ಎ. ಮಾಡಬಹುದೇ?’ ನಾವು ಇದನ್ನು ಸಾಮಾನ್ಯವಾಗಿ ಉದ್ಯೋಗದ ಪ್ರಶ್ನೆಯೆಂದೇ ತಿಳಿದು ಉತ್ತರಿಸುತ್ತೇವೆ. ಉಪನ್ಯಾಸಕ ಹುದ್ದೆ ಸಿಗುವುದೇ, ಖರ್ಚು ಎಷ್ಟು, ಹಾಸ್ಟೆಲು ಎಲ್ಲಿ ಎಂದು ವಿಚಾರಿಸಿ ಸುಮ್ಮನಾಗುತ್ತೇವೆ. ಆದರೆ ಭಾರತದಲ್ಲಿ ಇಂಗ್ಲಿಷ್ ಸಾಹಿತ್ಯವು ವಿಶ್ವವಿದ್ಯಾನಿಲಯದ ಪಾಠವಾದ ಬಗೆಯಲ್ಲಿ ಸಭೆಗೂ ಪಾಲಿದೆ. ಆ ಪಾಲು ಯಾವುದೆಂದು ತಿಳಿದರೆ ನಮ್ಮ ಉತ್ತರವೂ ಬೇರೆಯಾದೀತು. ಆ ಚರಿತ್ರೆಯನ್ನು ಕಾಫಿಮಲೆಗಳ ಕಡೆಯಿಂದ ನೋಡುವುದು ಈ ಲೇಖನದ ಉದ್ದೇಶ.

1. ಗ್ರಂಥಾಲಯದಲ್ಲಿಟ್ಟ ಸತ್ಯವೇದ

1813ರ ಸನ್ನದು ಕಾಯಿದೆ ಎರಡು ಬಾಗಿಲುಗಳನ್ನು ಒಟ್ಟಿಗೇ ತೆರೆಯಿತು. ಮಿಷನರಿಗಳಿಗೆ ಕಂಪನಿಯ ಸೀಮೆಯೊಳಗೆ ಪ್ರವೇಶ ದೊರೆಯಿತು. ಭಾರತೀಯರ ವಿದ್ಯಾಭ್ಯಾಸಕ್ಕೆಂದು ವರ್ಷಕ್ಕೆ ಒಂದು ಲಕ್ಷ ರೂಪಾಯಿ ಮೀಸಲಾಯಿತು. 1835ರಲ್ಲಿ ಮೆಕಾಲೆಯ ಟಿಪ್ಪಣಿಯನ್ನೂ ಬೆಂಟಿಂಕನ ನಿರ್ಣಯವನ್ನೂ ಅನುಸರಿಸಿ ಸರ್ಕಾರದ ಹಣವು ಇಂಗ್ಲಿಷ್ ಶಿಕ್ಷಣದ ಕಡೆಗೆ ಹರಿಯಿತು. ಆದರೆ ಸರ್ಕಾರಕ್ಕೆ ಒಂದು ಭಯವಿತ್ತು. ಸರ್ಕಾರಿ ಶಾಲೆಯಲ್ಲಿ ಸತ್ಯವೇದವನ್ನು ಬೋಧಿಸಿದರೆ ಪ್ರಜೆಗಳು ಸಿಡಿದೇಳಬಹುದು. ಯಾವ ನೀತಿಬೋಧೆಯೂ ಇಲ್ಲದ ಶಿಕ್ಷಣ ಕೊಟ್ಟರೆ ಅವಿಧೇಯರನ್ನು ಬೆಳೆಸಿದಂತಾಗಬಹುದು. ಈ ಇಕ್ಕಟ್ಟಿಗೆ ಸಿಕ್ಕಿದ ಪರಿಹಾರವೇ ಇಂಗ್ಲಿಷ್ ಸಾಹಿತ್ಯ. ಗೌರಿ ವಿಶ್ವನಾಥನ್ ಅವರು 1989ರಲ್ಲಿ ಪ್ರಕಟಿಸಿದ ‘ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್’ ಎಂಬ ಅಧ್ಯಯನವು ಇದನ್ನು ವಿಸ್ತಾರವಾಗಿ ತೋರಿಸಿಕೊಟ್ಟಿದೆ. ಧರ್ಮಗ್ರಂಥವು ಮಾಡಬೇಕಾಗಿದ್ದ ನೈತಿಕ ಕೆಲಸವನ್ನು ಷೇಕ್ಸ್‌ಪಿಯರ್, ಮಿಲ್ಟನ್ ಮೊದಲಾದವರ ಕೃತಿಗಳಿಗೆ ವಹಿಸಲಾಯಿತು.

1854ರ ವುಡ್ಡನ ಸುತ್ತೋಲೆಯು ಇದೇ ನೀತಿಯನ್ನು ನಾಜೂಕಾಗಿ ಹೇಳಿತು. ಸರ್ಕಾರಿ ಶಾಲೆಗಳಲ್ಲಿ ಧರ್ಮಬೋಧನೆ ಸಲ್ಲದು. ಆದರೆ ಗ್ರಂಥಾಲಯಗಳಲ್ಲಿ ಸತ್ಯವೇದ ಇರಬಹುದು. ವಿದ್ಯಾರ್ಥಿಯು ತಾನಾಗಿ ತೆರೆದು ಓದಬಹುದು. ತರಗತಿಯ ಹೊರಗೆ ಶಿಕ್ಷಕನನ್ನು ಪ್ರಶ್ನಿಸಬಹುದು. ಮೂರು ವರ್ಷಗಳಲ್ಲಿ, 1857ರಲ್ಲಿ, ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಆರಂಭವಾದವು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಪ್ರತ್ಯೇಕ ಪದವಿಯ ವ್ಯವಸ್ಥೆಯಾದದ್ದು 1894ರಲ್ಲಿ. ತವರಿನ ಹಳೆಯ ವಿದ್ಯಾಪೀಠಗಳು ಒಪ್ಪಿಕೊಳ್ಳುವುದಕ್ಕೆ ಎಷ್ಟೋ ಮುಂಚೆ ಈ ಪಾಠವು ನಮ್ಮ ದೇಶದಲ್ಲಿ ಬೇರುಬಿಟ್ಟಿತ್ತು. ಹೀಗೆ ಇಂಗ್ಲಿಷ್ ಎಂ.ಎ. ಎಂಬುದರ ಪೂರ್ವಚರಿತ್ರೆಯಲ್ಲಿ ಒಂದು ವಿಚಿತ್ರವಾದ ವಿಂಗಡಣೆಯಿದೆ: ಸತ್ಯವೇದದಿಂದ ಬೆಳೆದ ಸಾಹಿತ್ಯವು ತರಗತಿಯ ಒಳಗೆ, ಸತ್ಯವೇದವು ಹೊರಗೆ.

2. ಎರಡು ಮಿಷನ್ ಮಾರ್ಗಗಳು

ಮಿಷನರಿಗಳು ಇದಕ್ಕೆ ಒಂದೇ ಬಗೆಯ ಉತ್ತರ ಕೊಡಲಿಲ್ಲ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಡಫ್ 1830ರಲ್ಲಿ ಕಲ್ಕತ್ತದಲ್ಲಿ ತಮ್ಮ ಶಾಲೆಯನ್ನು ತೆರೆದಾಗ ಇಂಗ್ಲಿಷನ್ನೂ ಸತ್ಯವೇದವನ್ನೂ ಜೊತೆಯಾಗಿಯೇ ಕಲಿಸಿದರು. ಶಾಸ್ತ್ರವಿಲ್ಲದ ಸಾಹಿತ್ಯವು ನಾಸ್ತಿಕತೆಯನ್ನು ಬೆಳೆಸುವುದೆಂಬುದು ಅವರ ಆಕ್ಷೇಪ. ಮುಂದೆ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ವಿಲಿಯಂ ಮಿಲ್ಲರ್ ಬೇರೊಂದು ಹೆಜ್ಜೆಯಿಟ್ಟರು. ಪಾಠದ ಕೋಣೆಯಲ್ಲಿ ಎಷ್ಟು ಮಂದಿ ಮತಾಂತರಗೊಂಡರು ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ಸಮಾಜದ ವಿಚಾರವೇ ಕ್ರೈಸ್ತ ಮೌಲ್ಯಗಳಿಂದ ನಿಧಾನವಾಗಿ ಹದಗೊಳ್ಳಬೇಕೆಂದು ಅವರು ನಂಬಿದರು. ಷೇಕ್ಸ್‌ಪಿಯರನ ದುರಂತನಾಟಕಗಳ ಕುರಿತು ಅವರು ಬರೆದ ಪುಸ್ತಕಗಳು ಆ ನಂಬಿಕೆಯ ಫಲ. ಲಿಯರ್ ದೊರೆಯ ಕಥೆಯಲ್ಲಿ ಅವರು ಭಾರತದ ರಾಜಕಾರಣಕ್ಕೂ ಪಾಠವನ್ನು ಕಂಡರು.

ನಮ್ಮ ಕರಾವಳಿಗೆ 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ನಿನವರು ಜರ್ಮನ್ ಮಾತಿನವರು. ಇಂಗ್ಲಿಷ್ ಅವರಿಗೂ ಕಲಿತ ಭಾಷೆಯೇ. ಅವರ ಶ್ರಮವು ಬಹುಮಟ್ಟಿಗೆ ಕನ್ನಡದ ಕಡೆಗೆ ತಿರುಗಿತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರು 1831ರ ವೇಳೆಗೆ ಸಂಪೂರ್ಣ ಸತ್ಯವೇದವನ್ನು ಕನ್ನಡಕ್ಕೆ ತಂದಿದ್ದರು. ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚಿಗೆ ತಂದರು, ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂದಿತು. ಬನಿಯನ್ನನ ಯಾತ್ರಿಕನ ಕಥೆ ಹತ್ತೊಂಬತ್ತನೆಯ ಶತಮಾನದಲ್ಲೇ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಿಗರ ಕೈಸೇರಿತು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯದ ಪದವಿ ಆರಂಭವಾದ ವರ್ಷವೂ ಕಿಟ್ಟೆಲರ ನಿಘಂಟಿನ ವರ್ಷವೂ ಒಂದೇ ಎಂಬುದು ಕಾಕತಾಳೀಯ. ಆದರೂ ನೆನಪಿಡತಕ್ಕ ಕಾಕತಾಳೀಯ.

3. ಬೆಟ್ಟವನ್ನು ಹತ್ತಿದ ಇಂಗ್ಲಿಷ್

ಕಾಫಿಮಲೆಗಳಿಗೆ ಇಂಗ್ಲಿಷ್ ಬಂದದ್ದು ಈ ಎರಡು ಮಾರ್ಗಗಳಲ್ಲಿ ಯಾವುದರಿಂದಲೂ ಅಲ್ಲ. ಬಾಬಾಬುಡನ್ ಏಳು ಬೀಜಗಳನ್ನು ತಂದರೆಂಬ ಐತಿಹ್ಯ ಹದಿನೇಳನೆಯ ಶತಮಾನದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿಯನ್ ಬೆಳೆಗಾರರು ಬಂದು ಕಾಡು ಕಡಿದು ತೋಟಗಳನ್ನು ಹಬ್ಬಿಸಿದರು. ಅವರೊಂದಿಗೆ ಇಂಗ್ಲಿಷ್ ಲೆಕ್ಕದ ಭಾಷೆಯಾಗಿ ಬಂದಿತು. ರೈಟರ್, ಚೆಕ್‌ರೋಲ್, ಪಲ್ಪರ್, ಎಸ್ಟೇಟ್, ಲೈನ್ ಎಂಬ ಮಾತುಗಳು ಓದು ಬಾರದವರ ಬಾಯಲ್ಲೂ ನೆಲೆಸಿದವು. ಕೂಲಿಯವನಿಗೆ ಇಂಗ್ಲಿಷ್ ಎಂದರೆ ತನ್ನ ಹಾಜರಿಯನ್ನು ಬರೆದಿಡುವ ಪುಸ್ತಕ. ಆ ಪುಸ್ತಕ ಅವನ ಕೈಗೆ ಬರುತ್ತಿರಲಿಲ್ಲ.

ಬೆಳೆಗಾರನ ಇಂಗ್ಲಿಷೂ ಮಿಷನರಿಯ ಇಂಗ್ಲಿಷೂ ಒಂದೇ ಎಂದು ತಿಳಿಯುವುದು ತಪ್ಪು. ನೆರೆಯ ಮಂಜರಾಬಾದಿನ ಬೆಳೆಗಾರ ರಾಬರ್ಟ್ ಎಲಿಯಟ್ 1871ರಲ್ಲಿ ಮೈಸೂರು ಕಾಡುಗಳ ತನ್ನ ಅನುಭವಗಳನ್ನು ಪ್ರಕಟಿಸಿದಾಗ ಜಾತಿವ್ಯವಸ್ಥೆಯನ್ನು ಸಮರ್ಥಿಸಿಯೇ ಬರೆದನು. ಜಾತಿಯನ್ನು ಕುರಿತು ಮಿಷನರಿಗಳು ತಳೆದ ನಿಲುವು ಅವನಿಗೆ ಸಮ್ಮತವಾಗಿರಲಿಲ್ಲ. ಒಂದೇ ಭಾಷೆಯನ್ನಾಡುವ ಇಬ್ಬರು ಕೂಲಿಯವನ ಆತ್ಮದ ಬಗ್ಗೆ ಎರಡು ಮಾತನಾಡಿದರು.

ತೋಟಗಳ ದುಡಿಮೆಗೆ ಘಟ್ಟದ ಕೆಳಗಿನಿಂದ ಜನರು ಹತ್ತಿ ಬಂದರು. ಅವರಲ್ಲಿ ಕ್ರೈಸ್ತರೂ ಇದ್ದರು. ಕೊಂಕಣಿ, ತುಳು, ಕನ್ನಡ, ತಮಿಳು ಮಾತುಗಳು ಒಂದೇ ಆರಾಧನೆಯಲ್ಲಿ ಕಲೆತವು. ಕಥೋಲಿಕ ಸಭೆಯ ಚಿಕ್ಕಮಗಳೂರು ಧರ್ಮಪ್ರಾಂತವು 1963ರಲ್ಲಿ ಮೈಸೂರಿನಿಂದ ಬೇರ್ಪಟ್ಟು ರೂಪುಗೊಂಡಿತು. 1951ರ ತೋಟಗಾರಿಕಾ ಕಾರ್ಮಿಕರ ಕಾಯಿದೆಯು, ಕಾರ್ಮಿಕರ ಆರರಿಂದ ಹನ್ನೆರಡು ವರ್ಷದ ಮಕ್ಕಳ ಸಂಖ್ಯೆ 25ನ್ನು ಮೀರಿದಲ್ಲಿ, ಮಾಲಿಕರು ಶಿಕ್ಷಣದ ಸೌಕರ್ಯ ಒದಗಿಸುವಂತೆ ನಿಯಮ ಮಾಡಲು ರಾಜ್ಯಗಳಿಗೆ ಅಧಿಕಾರ ಕೊಟ್ಟಿತು. ಹನ್ನೆರಡಕ್ಕೆ ಆ ಕಾಯಿದೆಯ ಕಲ್ಪನೆ ನಿಂತಿತು. ಲೈನ್ ಮನೆಯ ಮಗು ಅದರಾಚೆಗೂ ಓದಬಹುದೆಂಬ ಮಾತು ಅದರಲ್ಲಿರಲಿಲ್ಲ.

4. ಪ್ರಾಧ್ಯಾಪಕರು ಮತ್ತು ಪ್ರಾರ್ಥನಾಗೀತೆ

ಮಲೆನಾಡಿನ ಓದುವ ಹುಡುಗರ ಮುಂದೆ ಎರಡು ದಾರಿಗಳಿದ್ದವು. ಚಾರ್ಮಾಡಿ ಘಾಟಿ ಇಳಿದರೆ ಮಂಗಳೂರು. ಅಲ್ಲಿ ಯೇಸುಸಭೆಯವರು 1880ರಲ್ಲಿ ಸ್ಥಾಪಿಸಿದ ಸಂತ ಅಲೋಶಿಯಸ್ ಕಾಲೇಜಿತ್ತು. ಬಯಲುಸೀಮೆಯ ಕಡೆಗೆ ಇಳಿದರೆ ಮೈಸೂರು. ಅಲ್ಲಿ ಮಹಾರಾಜಾ ಕಾಲೇಜು, 1916ರಿಂದ ವಿಶ್ವವಿದ್ಯಾನಿಲಯ.

ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ಬಿ.ಎಂ. ಶ್ರೀಕಂಠಯ್ಯನವರು. 1911ರಲ್ಲಿ ಧಾರವಾಡದಲ್ಲಿ ಅವರು ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದರು. 1926ರಲ್ಲಿ ಅವರ ‘ಇಂಗ್ಲಿಷ್ ಗೀತಗಳು’ ಪೂರ್ಣರೂಪದಲ್ಲಿ ಪ್ರಕಟವಾಯಿತು. ಮರುವರ್ಷ ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು, ಅದರ ಹಿಂದೆ ಇದ್ದ ಬಲಗಳಲ್ಲಿ ಈ ಇಂಗ್ಲಿಷ್ ಪ್ರಾಧ್ಯಾಪಕರದು ದೊಡ್ಡದು.

‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಕನ್ನಡಿಗರಿಗೆಲ್ಲ ಪರಿಚಿತವಾದ ಬೆಳಕಿನ ಪ್ರಾರ್ಥನೆಯಿದೆ. ಮೂಲವನ್ನು ಜಾನ್ ಹೆನ್ರಿ ನ್ಯೂಮನ್ 1833ರ ಜೂನ್‌ನಲ್ಲಿ ಬರೆದರು. ಸಿಸಿಲಿಯಲ್ಲಿ ಕಠಿಣವಾದ ಜ್ವರದಿಂದ ಚೇತರಿಸಿಕೊಂಡು ಊರಿಗೆ ಮರಳುತ್ತಿದ್ದಾಗ, ಗಾಳಿಯಿಲ್ಲದೆ ಹಡಗು ನಿಂತುಹೋಗಿದ್ದ ದಿನಗಳವು. ಆಗ ಅವರು ಆಂಗ್ಲಿಕನ್ ಯಾಜಕರು. 1845ರಲ್ಲಿ ಕಥೋಲಿಕ ಸಭೆಯನ್ನು ಸೇರಿದರು, 1879ರಲ್ಲಿ ಕಾರ್ಡಿನಲ್ ಆದರು, 2019ರಲ್ಲಿ ಸಂತರೆಂದು ಘೋಷಿತರಾದರು. ಈ ಗೀತೆಯು ಕನ್ನಡ ನಾಡಿನ ಶಾಲೆ, ಸಭೆ, ಮನೆಗಳಿಗೆ ಹೋದದ್ದು ಮಿಷನ್ನಿನ ಸಂಗೀತ ಪುಸ್ತಕದ ಮೂಲಕವಲ್ಲ. ಕ್ರೈಸ್ತರಲ್ಲದ ಒಬ್ಬ ಇಂಗ್ಲಿಷ್ ಅಧ್ಯಾಪಕರ ಕನ್ನಡದ ಮೂಲಕ. ಸರ್ಕಾರವು ತರಗತಿಯ ಹೊರಗಿಟ್ಟ ಪ್ರಾರ್ಥನೆಯು ತರಗತಿಯ ಬಾಗಿಲಿನಿಂದಲೇ ಹೊರಟು ಕನ್ನಡದ ಸ್ವತ್ತಾಯಿತು. ಮತಾಂತರವನ್ನು ಎಣಿಸಬೇಡಿ ಎಂದ ಮಿಲ್ಲರರು ಇದನ್ನು ಕಂಡಿದ್ದರೆ ಮೆಚ್ಚುತ್ತಿದ್ದರು. ಇದು ಸಾಲದು ಎನ್ನಲು ಡಫ್ಫರಿಗೂ ಕಾರಣಗಳಿದ್ದವು.

ಇದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕೆ.ವಿ. ಪುಟ್ಟಪ್ಪನವರ ಕಥೆಯನ್ನೂ ಇಲ್ಲಿ ಸೇರಿಸಬೇಕು. ಮೈಸೂರಿನ ವೆಸ್ಲಿಯನ್ ಮಿಷನ್ ಪ್ರೌಢಶಾಲೆಯಲ್ಲಿ ಓದಿದ ಅವರ ಮೊದಲ ಪುಸ್ತಕ, 1922ರ ‘ಬಿಗಿನರ್ಸ್ ಮ್ಯೂಸ್’, ಇಂಗ್ಲಿಷ್ ಕವನಗಳದು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವುಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯಿರೆಂದು ಹೇಳಿದರು. ಪುಟ್ಟಪ್ಪನವರು 1929ರಲ್ಲಿ ಕನ್ನಡ ಎಂ.ಎ. ಮುಗಿಸಿದರು. ಇಂಗ್ಲಿಷನ್ನು ಅವರು ಕೈಬಿಡಲಿಲ್ಲ: ‘ಬಿರುಗಾಳಿ’, ‘ರಕ್ತಾಕ್ಷಿ’ ನಾಟಕಗಳು ಷೇಕ್ಸ್‌ಪಿಯರನಿಂದ ಬಂದವು. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಪಾದ್ರಿ ಜೀವರತ್ನಯ್ಯನೂ ಬೈಸಿಕಲ್ಲೂ ಹೊಸ ಕಾಲದ ಗುರುತುಗಳಾಗಿ ಮಲೆನಾಡಿಗೆ ಬರುತ್ತವೆ. ಸುವಾರ್ತೆ ಯಾವುದು, ಸುವಾರ್ತೆಯೊಂದಿಗೆ ಬಂದ ಸಾಮಾನು ಯಾವುದು ಎಂದು ಬಿಡಿಸಿ ನೋಡುವುದು ಆ ಹಳ್ಳಿಯವರಿಗೆ ಕಷ್ಟವಾಗುತ್ತದೆ. ಸಭಾಚರಿತ್ರೆಯ ವಿದ್ಯಾರ್ಥಿಗಳು ಆ ಪುಟಗಳನ್ನು ಎಚ್ಚರದಿಂದ ಓದಬೇಕು. ಬೈಸಿಕಲ್ಲಿನ ಜಾಗದಲ್ಲಿ ಇಂದು ಇಂಗ್ಲಿಷ್ ನಿಂತಿದೆ.

5. ಭಾಷೆಯೂ ಬಿಡುಗಡೆಯೂ

ಈ ಚರಿತ್ರೆಯನ್ನು ಕನ್ನಡದ ಗೆಲುವಿನಲ್ಲಿ ಮುಗಿಸಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತನ್ನಾಡಿ, ದಲಿತ ಯುವಕರು ಇಂಗ್ಲಿಷಿನ ಕಡೆ ನೋಡಬೇಕೆಂದರು. ನಾಡಿನಲ್ಲಿ ಗಲಭೆಯೆದ್ದಿತು, ಅವರು ಸ್ಥಾನ ಬಿಡಬೇಕಾಯಿತು. ಕರ್ನಾಟಕದ ದಲಿತ ಚಳವಳಿಯು ಸಂಘಟಿತವಾಗುವುದಕ್ಕೆ ಆ ಘಟನೆ ಒಂದು ಕಾರಣವಾಯಿತು. ಶತಮಾನಗಳ ಕಾಲ ತನ್ನನ್ನು ಹೊರಗಿಟ್ಟ ಮಾತಿನ ಒಳಗೆ ಗೌರವ ಸಿಗದವನು ಬೇರೊಂದು ಮಾತಿನಲ್ಲಿ ಅದನ್ನು ಹುಡುಕಿದರೆ ಆಕ್ಷೇಪಿಸಲು ಯಾರಿಗೆ ಹಕ್ಕಿದೆ? ಲೈನ್ ಮನೆಯ ಹುಡುಗಿ ಇಂಗ್ಲಿಷ್ ಎಂ.ಎ. ಬಯಸುವಾಗ ಮಿಲ್ಟನ್ನನನ್ನು ಮಾತ್ರ ಬಯಸುತ್ತಿಲ್ಲ. ಚೆಕ್‌ರೋಲಿನ ಭಾಷೆಯನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಿದ್ದಾಳೆ.

ಇನ್ನೊಂದು ಕಡೆ, ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರು ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿ, ಅಧ್ಯಾಪಕ ವೃತ್ತಿಗೆ ಹೋಗದೆ, ಮೂಡಿಗೆರೆಯಲ್ಲಿ ಕಾಫಿ ಬೆಳೆಗಾರರಾದರು. ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳನ್ನು ಅವರು ಕನ್ನಡಕ್ಕೆ ತಂದಾಗ, ಕನ್ನಡವಲ್ಲದೆ ಬೇರೆ ಓದು ತಿಳಿಯದವರೂ ಅವುಗಳನ್ನು ತಮ್ಮ ಕಾಡಿನ ಕಥೆಗಳಂತೆ ಓದಿದರು. ಪದವಿಯಿಲ್ಲದೆಯೂ ಇಂಗ್ಲಿಷ್ ಬರಹವು ಒಂದು ಊರಿಗೆ ಉಪಕಾರಿಯಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

6. ಸಭೆಯ ಕರ್ತವ್ಯ

1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಶಂಕರಘಟ್ಟದಲ್ಲಿ ಆರಂಭವಾದ ಮೇಲೆ ಮಲೆನಾಡಿನವರಿಗೆ ಎಂ.ಎ. ಪದವಿ ಹತ್ತಿರವಾಯಿತು. ಎರಡು ವರ್ಷಗಳ ಈ ಓದಿಗೆ ಬರುವವರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರೂ, ತಮ್ಮ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರೂ ಇದ್ದಾರೆ. ಅವರ ಮುಂದೆ ಬರುವ ಕವಿಗಳು ಯಾರು? ಸಂತ ಪೌಲ ಪ್ರಧಾನಾಲಯದ ಡೀನ್ ಆಗಿದ್ದ ಡನ್, ಗ್ರಾಮದ ಗುರುವಾಗಿದ್ದ ಹರ್ಬರ್ಟ್, ಆದಿಕಾಂಡವನ್ನು ಮಹಾಕಾವ್ಯವಾಗಿಸಿದ ಮಿಲ್ಟನ್, ಯೇಸುಸಭೆಯ ಹಾಪ್ಕಿನ್ಸ್. ಆದಾಮನ ಪತನವನ್ನಾಗಲಿ ಯೋಬನ ಮೊರೆಯನ್ನಾಗಲಿ ಕೇಳದ ವಿದ್ಯಾರ್ಥಿಯು ಇವರನ್ನು ಗೈಡ್ ಪುಸ್ತಕಗಳಿಂದ ಬಾಯಿಪಾಠ ಮಾಡುತ್ತಾನೆ. 1854ರಲ್ಲಿ ಗ್ರಂಥಾಲಯದ ಕಪಾಟಿಗೆ ಸೇರಿದ ಸತ್ಯವೇದವು ಇಂದಿಗೂ ಅಲ್ಲೇ ಇದೆ. ಅದನ್ನು ಮತಪ್ರಚಾರದ ಉಪಾಯವಾಗಿ ಅಲ್ಲ, ಓದಿನ ಕೀಲಿಕೈಯಾಗಿ ಕೆಳಗಿಳಿಸಿ ಕೊಡಬಲ್ಲವರು ಆ ಊರಿನ ಸಭಾಪಾಲಕರೇ. ಯಾವ ಮತದ ವಿದ್ಯಾರ್ಥಿ ಬಂದರೂ ಒಂದು ಸಂಜೆ ಕುಳಿತು ಆದಿಕಾಂಡದ ಮೊದಲ ಮೂರು ಅಧ್ಯಾಯಗಳನ್ನು ಅವರೊಂದಿಗೆ ಕನ್ನಡದಲ್ಲಿ ಓದುವುದಕ್ಕೆ ಹೊಸ ಯೋಜನೆಯಾಗಲಿ ನಿಧಿಯಾಗಲಿ ಬೇಕಿಲ್ಲ.

ಎರಡನೆಯ ಕರ್ತವ್ಯವು ನಮ್ಮ ವಿದ್ಯಾಸಂಸ್ಥೆಗಳಿಗೆ ಸಂಬಂಧಿಸಿದ್ದು. ಇಂಗ್ಲಿಷ್ ಮಾಧ್ಯಮವು ಸಭೆಯ ಹೆಸರಿನಲ್ಲಿ ಶುಲ್ಕ ಕೊಡಬಲ್ಲವರ ಸ್ವತ್ತಾದರೆ, ಬೆಳೆಗಾರನ ಇಂಗ್ಲಿಷನ್ನೇ ನಾವು ಮುಂದುವರಿಸಿದಂತೆ. ತೋಟದ ಮಗುವಿಗೂ ಆ ಬೆಂಚಿನಲ್ಲಿ ಸ್ಥಳವಿರಬೇಕು.

ಮೂರನೆಯದು ಭಾಷೆಯ ದೈವಶಾಸ್ತ್ರ. ಇಂಗ್ಲಿಷ್ ಕೂಡ ಒಂದು ಕಾಲದಲ್ಲಿ ಪಂಡಿತರು ಹೀನವೆಂದು ಬಗೆದ ನಾಡಮಾತು. ವಿಲಿಯಂ ಟಿಂಡೇಲ್ 1526ರಲ್ಲಿ ಹೊಸ ಒಡಂಬಡಿಕೆಯನ್ನು ಆ ಮಾತಿನಲ್ಲಿ ಅಚ್ಚುಹಾಕಿಸಿದರು; 1536ರಲ್ಲಿ ಅವರನ್ನು ಕೊಂದರು. ನೇಗಿಲ ಹಿಡಿದವನೂ ಶಾಸ್ತ್ರವನ್ನು ತಿಳಿಯಬೇಕೆಂಬುದು ಅವರ ಹಂಬಲ. ಇಂಗ್ಲಿಷ್ ಸಾಹಿತ್ಯದ ಗದ್ಯವು ಬಹುಪಾಲು ಆ ಅನುವಾದದ ಋಣದಲ್ಲಿದೆ. ಇದನ್ನು ಸರಿಯಾಗಿ ಕಲಿತ ಎಂ.ಎ. ವಿದ್ಯಾರ್ಥಿಯು ತನ್ನ ತಾಯಿಯ ಮಾತನ್ನು ಕೀಳೆಂದು ಎಣಿಸಲಾರನು. ಬಿ.ಎಂ.ಶ್ರೀ. ಅವರಿಗೆ ಇಂಗ್ಲಿಷ್ ಕಲಿಸಿದ್ದು ಇದನ್ನೇ. ಪಂಚಾಶತ್ತಮ ದಿನದಂದು ಯೆರೂಸಲೇಮಿನಲ್ಲಿ ಕೂಡಿದವರು ಒಂದೇ ಭಾಷೆಯನ್ನು ಕಲಿತುಕೊಂಡು ದೇವರ ಮಹತ್ಕಾರ್ಯಗಳನ್ನು ಕೇಳಲಿಲ್ಲ. ತಮ್ಮ ತಮ್ಮ ಹುಟ್ಟುಭಾಷೆಯಲ್ಲೇ ಕೇಳಿದರೆಂಬುದನ್ನು ಅಪೊಸ್ತಲರ ಕೃತ್ಯಗಳು ಮರೆಯದೆ ದಾಖಲಿಸಿವೆ.

ಆದುದರಿಂದ, ಎಂ.ಎ. ಮಾಡಬಹುದೇ ಎಂದು ಕೇಳುವವರಿಗೆ ನಮ್ಮ ಉತ್ತರ ‘ಮಾಡಿರಿ’ ಎಂದಿರಲಿ. ಅದರೊಂದಿಗೆ, ಓದಿದ್ದರಲ್ಲಿ ಒಂದನ್ನಾದರೂ ಲೈನ್ ಮನೆಯವರಿಗೆ ತಿಳಿಯುವ ಕನ್ನಡದಲ್ಲಿ ತಂದುಕೊಡಿರಿ ಎಂಬ ಬೇಡಿಕೆಯನ್ನೂ ಇಡೋಣ.