ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಮಕ್ಕಳು ಆಟಕ್ಕೆ ಎರಡು ಪಂಗಡವಾಗುವಾಗ ಒಬ್ಬ ಹೆಚ್ಚಾಗಿ ಉಳಿದರೆ, ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುವುದನ್ನು ನೀವೆಲ್ಲ ಬಲ್ಲಿರಿ. ಜನ ಹೆಚ್ಚಾಗದೆ ಕಡಮೆಯಾದರೆ ಮಾಡುವುದೇನು? ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಹುಡುಗಿಯರ ನೆಟ್‌ಬಾಲ್ ತಂಡ ಕಟ್ಟಹೊರಟವರಿಗೆ ಈ ಪ್ರಶ್ನೆ ಬಾರದಿರದು. ಅರಿಶಿನದ ಅಥವಾ ಚೆಂಡುಹೂವಿನ ಕೆಲಸ ಬಿದ್ದ ದಿನ ಹುಡುಗಿ ಮನೆಯವರಿಗೆ ಬೇಕಾಗುತ್ತಾಳೆ. ಊರಿಗೆ ಹೋಗುವ ಕಡೆಯ ಬಸ್ಸು ಅಭ್ಯಾಸ ಮುಗಿಯುವ ತನಕ ಕಾಯುವುದಿಲ್ಲ. ಏಳು ಮಂದಿ ಬೇಕಾದಲ್ಲಿ ಐವರೇ ಬಂದು ನಿಂತರೆ ಮೇಷ್ಟರು ಆಟ ನಿಲ್ಲಿಸಬೇಕೆ? ಈ ಆಟದ ಚರಿತ್ರೆಯನ್ನೇ ಕೇಳೋಣ.

1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಹಣ್ಣಿನ ಬುಟ್ಟಿಗಳನ್ನು ತೂಗಹಾಕಿ ಬ್ಯಾಸ್ಕೆಟ್‌ಬಾಲ್ ಆಟವನ್ನು ಹೂಡಿದರು. ಅವರ ತರಗತಿಯಲ್ಲಿ ಇದ್ದವರು 18 ಮಂದಿ. ಆದ್ದರಿಂದ ಪಕ್ಷಕ್ಕೆ ಒಂಬತ್ತು. ಲೆಕ್ಕ ಹುಟ್ಟಿದ್ದು ಶಾಸ್ತ್ರದಿಂದಲ್ಲ, ಹಾಜರಿಯಿಂದ! ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್‌ಸನ್ ಹೆಣ್ಣುಮಕ್ಕಳಿಗಾಗಿ ಅಂಕಣವನ್ನು ಮೂರು ಪಾಲು ಮಾಡಿ, ಅವರವರು ಅವರವರ ಪಾಲಿನಲ್ಲೇ ಆಡಬೇಕೆಂದರು. ಇಂಗ್ಲೆಂಡಿನಲ್ಲಿ ಮಾರ್ಟಿನಾ ಬರ್ಗ್‌ಮನ್ ಓಸ್ಟರ್‌ಬರ್ಗ್ ಅವರ ವ್ಯಾಯಾಮ ಕಾಲೇಜಿನ ಹುಡುಗಿಯರು 1893ರ ಸುಮಾರಿಗೆ ಈ ಆಟವನ್ನು ಕಲಿತರು. 1901ರಲ್ಲಿ ನೆಟ್‌ಬಾಲಿನ ನಿಯಮಗಳು ಅಚ್ಚಾದುವು. ಆದರೂ ಬಹುಕಾಲ ದೇಶಕ್ಕೊಂದು ಲೆಕ್ಕವಿತ್ತು. ನ್ಯೂಜಿಲೆಂಡಿನವರು ಒಂಬತ್ತು ಮಂದಿ ಆಡುತ್ತಿದ್ದರೆ, ಇಂಗ್ಲೆಂಡಿನವರಿಗೆ ಏಳೇ ಸಾಕಾಗಿತ್ತು. 1960ರಲ್ಲಿ ಸಿಂಹಳದ ಕೊಲಂಬೋ ನಗರದಲ್ಲಿ ಹಲವು ದೇಶದವರು ಕೂಡಿ ಕಲೆತು, ಏಳೆಂದು ಗೊತ್ತುಮಾಡಿದರು.

ಹಾಗೆ ಗೊತ್ತಾದ ಏಳರಲ್ಲಿಯೂ ಒಂದು ಔದಾರ್ಯ ಉಳಿದಿದೆ. ಐವರಿದ್ದರೆ ತಂಡ ಅಂಕಣಕ್ಕೆ ಇಳಿಯಬಹುದು. ಅವರಲ್ಲಿ ಒಬ್ಬಳು ‘ಸೆಂಟರ್’ ಆಗಿರಬೇಕು, ಅಷ್ಟೆ. ಏಕೆಂದು ನೋಡಿ. ಚೆಂಡು ಒಂದು ಪಾಲನ್ನು ಪೂರ್ತಿ ಹಾರಿಹೋಗುವಂತಿಲ್ಲ. ಪ್ರತಿ ಪಾಲಿನಲ್ಲಿಯೂ ಯಾರಾದರೂ ಅದನ್ನು ಮುಟ್ಟಬೇಕು. ಗುರಿಯ ಮುಂದಿನ ಅರೆವೃತ್ತಗಳನ್ನು ಬಿಟ್ಟರೆ ಮೂರು ಪಾಲುಗಳಲ್ಲೂ ಓಡಾಡುವ ಹಕ್ಕು ಸೆಂಟರ್ ಒಬ್ಬಳದೇ. ಆದ್ದರಿಂದ ಜಾಣ ಮೇಷ್ಟರು ಪಕ್ಕದ ಇಬ್ಬರನ್ನು, ಎಂದರೆ ವಿಂಗ್ ಅಟ್ಯಾಕ್, ವಿಂಗ್ ಡಿಫೆನ್ಸ್ ಸ್ಥಾನಗಳನ್ನು, ಖಾಲಿ ಬಿಡುತ್ತಾರೆ. ಗುರಿಯಿಡುವವರು ಇಬ್ಬರು, ತಡೆಯುವವರು ಇಬ್ಬರು, ನಡುವೆ ಸೆಂಟರ್. ಇವರಲ್ಲಿ ಗೋಲ್ ಅಟ್ಯಾಕ್, ಗೋಲ್ ಡಿಫೆನ್ಸ್ ಇಬ್ಬರೂ ನಡುವಣ ಪಾಲಿಗೆ ಬರಬಹುದಾದ್ದರಿಂದ ಸರಪಣಿ ಕಡಿಯುವುದಿಲ್ಲ. ಚೆಂಡನ್ನು ಹಿಡಿದಿರಲು ಮೂರೇ ಸೆಕೆಂಡು ಅವಕಾಶ. ಜನ ಕಡಮೆಯಾದಷ್ಟೂ ಚೆಂಡು ಕೈಗೆ ಬರುವುದು ಹೆಚ್ಚು, ಕೈ ಪಳಗುವುದೂ ಬೇಗ. ಥ್ರೋಬಾಲ್ ಆಡಿ ಬೆಳೆದ ನಮ್ಮ ಹುಡುಗಿಯರಿಗೆ ಹಿಡಿಯುವುದು, ಎಸೆಯುವುದು ಹೊಸ ವಿದ್ಯೆಯೇನಲ್ಲ.

2010ರಲ್ಲಿ ದಿಲ್ಲಿಯ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಭಾರತದ ತಂಡವೂ ನೆಟ್‌ಬಾಲ್ ಆಡಿತು. 2012ರಿಂದ ಪಕ್ಷಕ್ಕೆ ಐವರೇ ಆಡುವ ಚುಟುಕು ಪಂದ್ಯಗಳೂ ಅಂತರರಾಷ್ಟ್ರೀಯ ಮಟ್ಟದಲ್ಲಿ ನಡೆದಿವೆ. ಆದುದರಿಂದ ನಿಮ್ಮ ಊರಿನ ಮೈದಾನದಲ್ಲಿ ಐವರು ಹುಡುಗಿಯರು ಚೆಂಡು ಹಿಡಿದು ನಿಂತದ್ದನ್ನು ಕಂಡರೆ ‘ತಂಡ ಸಾಲದು’ ಎಂದು ಮನೆಗೆ ಕಳುಹಿಸಬೇಡಿ. ಬಾರದ ಇಬ್ಬರು ನಾಳೆ ಬಂದಾರು. ಬಂದ ಐವರನ್ನು ಇಂದು ತಿರುಗಿಸಿ ಕಳುಹಿಸಿದರೆ ನಾಳೆ ಅವರೂ ಬಾರರು. ಐವರೇ ಆಡುವ ದಿನ, ಲೆಕ್ಕಕ್ಕಿಲ್ಲದವಳು ಒಬ್ಬಳೂ ಇರುವುದಿಲ್ಲ.