ಖೇಜಡ್ಲಿಯ ಬನ್ನಿ ಮರಗಳು

ಜೋಧಪುರಕ್ಕೆ ಹೋದವರೆಲ್ಲ ಕೋಟೆ ನೋಡುತ್ತಾರೆ. ಅಲ್ಲಿಂದ ಸುಮಾರು 25 ಕಿಲೋಮೀಟರ್ ದೂರದ ಖೇಜಡ್ಲಿಗೆ ಹೋಗುವ ಪ್ರವಾಸಿಗರು ಕಡಿಮೆ. ಬಿಷ್ಣೋಯಿ ಕುಟುಂಬಗಳು ಮಾತ್ರ ಭಾದ್ರಪದ ಶುದ್ಧ ದಶಮಿಯ ಜಾತ್ರೆಗೆ ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತವೆ. ಥಾರ್ ಮರುಭೂಮಿಯ ಇತಿಹಾಸ ಓದುವಾಗ ಅರಮನೆಯ ದಫ್ತರಗಳಿಗಿಂತ ಈ ತಿರುಗಾಟವೇ ನನ್ನನ್ನು ಹೆಚ್ಚು ಸೆಳೆಯುತ್ತದೆ.

1730ರಲ್ಲಿ ಮಹಾರಾಜ ಅಭಯಸಿಂಹನ ಹೊಸ ಅರಮನೆಗೆ ಸುಣ್ಣ ಸುಡಲು ಸೌದೆ ಬೇಕಾಯಿತು. ಆಳುಗಳು ಕೊಡಲಿ ಹಿಡಿದು ಈ ಊರಿಗೆ ಬಂದರು. ಅಮೃತಾದೇವಿ ಮರವನ್ನು ತಬ್ಬಿ ನಿಂತಳು, ಆಮೇಲೆ ಅವಳ ಮೂವರು ಹೆಣ್ಣುಮಕ್ಕಳು, ಆಮೇಲೆ ಸುತ್ತಲಿನ ಹಳ್ಳಿಗರು. ಸತ್ತವರು 363 ಮಂದಿ ಎಂಬುದು ಸಮುದಾಯದ ನೆನಪು. ಆ ಮರ ಖೇಜಡಿ. ಅಂದರೆ ದಸರೆಗೆ ನಾವು ಎಲೆ ಹಂಚಿ ‘ಬಂಗಾರ’ ಎನ್ನುವ ಬನ್ನಿಯೇ! ನಮಗದು ವರ್ಷಕ್ಕೊಂದು ದಿನದ ಮರ. ಅಲ್ಲಿ ಬರಗಾಲದಲ್ಲೂ ಒಂಟೆ-ಆಡುಗಳಿಗೆ ಸೊಪ್ಪು, ಮನೆಗೆ ಕಾಯಿಪಲ್ಯ.

ಜಾಂಭೋಜಿ 1485ರಲ್ಲಿ ಹಾಕಿಕೊಟ್ಟ 29 ನಿಯಮಗಳಲ್ಲಿ ಹಸಿ ಮರ ಕಡಿಯಬಾರದೆಂಬುದೂ ಜೀವಿಗಳಿಗೆ ದಯೆ ತೋರಬೇಕೆಂಬುದೂ ಇವೆ. ಹಾಗಾಗಿ ಬಿಷ್ಣೋಯಿ ಹೊಲಗಳಲ್ಲಿ ಚಿಂಕಾರ, ಕೃಷ್ಣಮೃಗಗಳು ಅಂಜಿಕೆಯಿಲ್ಲದೆ ಮೇಯುತ್ತವೆ. ಮೊಮ್ಮಗುವಿಗೆ ಜಿಂಕೆ ತೋರಿಸುವ ಅಜ್ಜ ಇತಿಹಾಸವನ್ನೂ ತೋರಿಸುತ್ತಿರುತ್ತಾನೆ, ಇಸವಿ ಹೇಳದೆ.

ಈಗ ಬಿಕಾನೇರ್ ಕಡೆ ಸೌರವಿದ್ಯುತ್ ಯೋಜನೆಗಳಿಗೆ ಖೇಜಡಿ ಕಡಿಯುವುದರ ವಿರುದ್ಧ ಬಿಷ್ಣೋಯಿಗಳು ಮತ್ತೆ ಬೀದಿಗಿಳಿದಿದ್ದಾರೆ. ಸುಣ್ಣದ ಗೂಡನ್ನು ಬಯ್ಯುವುದು ಸುಲಭ. ಹೊಗೆಯಿಲ್ಲದ ವಿದ್ಯುತ್ತನ್ನು ಬೇಡವೆನ್ನಲು ನನಗೂ ಬಾಯಿ ಬರುವುದಿಲ್ಲ. ಅವರ ತಕರಾರು ವಿದ್ಯುತ್ತಿನ ಮೇಲಲ್ಲ, ಕೊಡಲಿಯ ಮೇಲೆ.