ಶೋಧಗಂಗಾದಲ್ಲಿ ನಮ್ಮೂರು ಹುಡುಕುವ ಬಗೆ

ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಉಚಿತವಾಗಿ ಓದಲು ಒದಗಿಸುವ ಅಂತರ್ಜಾಲ ಭಂಡಾರ ಶೋಧಗಂಗಾ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನಡೆಸುತ್ತಿದೆ. ಇಲ್ಲಿ ಊರಿನ ಹೆಸರು ಹಾಕಿದಾಗ ಏನೂ ಸಿಗದಿದ್ದರೆ, ಆ ಊರಿನ ಬಗ್ಗೆ ಯಾರೂ ಬರೆದಿಲ್ಲವೆಂದು ವಿದ್ಯಾರ್ಥಿಗಳು ಕೈಬಿಡಬಾರದು. ಬರೆದವರು ಬೇರೆ ಹೆಸರು ಬಳಸಿರಬಹುದು.

ಹಳೆಯ ಹೆಸರು: ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ಮೊದಲು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಆದ್ದರಿಂದ ಇಂಗ್ಲಿಷಿನಲ್ಲಿ ‘ಸೌತ್ ಕೆನರಾ’ ಎಂದೂ ಹುಡುಕಬೇಕು. ಆದವಾನಿ, ರಾಯದುರ್ಗಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಸೊಲ್ಲಾಪುರಕ್ಕೆ ‘ಸೋಲಾಪುರ್’, ‘ಶೋಲಾಪುರ್’ ಎಂಬ ಎರಡೂ ಇಂಗ್ಲಿಷ್ ಕಾಗುಣಿತಗಳುಂಟು.

ವಿಷಯದ ಪದ: ಇಡೀ ಪ್ರಶ್ನೆ ಬರೆಯುವ ಬದಲು ಸ್ಥಳ ಮತ್ತು ವಿಷಯ ಸೂಚಿಸುವ ಎರಡು ಮೂರು ಪದ ಸಾಕು. ಗೇಣಿ ಪದ್ಧತಿಯ ಕುರಿತ ಇಂಗ್ಲಿಷ್ ಪ್ರಬಂಧದಲ್ಲಿ ‘ಟೆನೆನ್ಸಿ’ ಅಥವಾ ‘ಲ್ಯಾಂಡ್ ಟೆನ್ಯೂರ್’ ಎಂದಿರಬಹುದು. ಎರಡನ್ನೂ ಹಾಕಿ ನೋಡಬೇಕು.

ಚಿಹ್ನೆ: ಜೋಡಿಪದವನ್ನು ಉದ್ಧರಣ ಚಿಹ್ನೆಯೊಳಗೆ ಬರೆದರೆ ಸಾಮಾನ್ಯವಾಗಿ ಆ ಪದಗಳು ಒಟ್ಟಿಗೇ ಇರುವ ಪ್ರಬಂಧಗಳು ಮಾತ್ರ ಬರುತ್ತವೆ.

ಒಂದು ಪ್ರಬಂಧ ಸಿಕ್ಕಿದರೂ ದಾರಿ ತೆರೆಯಿತೆಂದೇ ಅರ್ಥ. ಅದರ ಕೊನೆಯ ಗ್ರಂಥಪಟ್ಟಿಯಲ್ಲಿರುವ ಹೆಸರು, ಪದಗಳನ್ನು ಬರೆದಿಟ್ಟುಕೊಂಡು ಮತ್ತೆ ಹುಡುಕಬೇಕು.